ಏಳನೇ ಪದರದ ಕನ್ನಡಿ

1989ರ ಫೆಬ್ರವರಿ 6, ಸೋಮವಾರ, ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ತಿಪಟೂರು ಪಟ್ಟಣ ಠಾಣೆಗೆ ಬಂದ ದೂರನ್ನು ಓದಿ ಮುಗಿಸಿದ ಸಬ್ ಇನ್‌ಸ್ಪೆಕ್ಟರ್ ಗಂಗಾಧರಯ್ಯನವರು, ಹಿಂಬದಿಯಲ್ಲಿ ಇನ್ನೇನಾದರೂ ಬರೆದಿದೆಯೇ ಎಂದು ಕಾಗದ ತಿರುಗಿಸಿ ನೋಡಿದರು. ಏನೂ ಇರಲಿಲ್ಲ. ಹದಿನೆಂಟು ವರ್ಷದ ಸರ್ವಿಸಿನಲ್ಲಿ ಕೊಬ್ಬರಿ ಮೂಟೆ ಕಳವು, ಪಂಪ್‌ಸೆಟ್ ಕಳವು, ಬದುವಿನ ಜಗಳ, ಅತ್ತೆ ಸೊಸೆ ಬಾವಿಗೆ ಬೀಳುವುದು, ಎಲ್ಲವನ್ನೂ ಕಂಡವರು ಅವರು. ಒಂದು ಅಕ್ಷರ ಬದಲಾಯಿಸಿದ್ದಾರೆ ಎಂಬ ದೂರು ಇದೇ ಮೊದಲು.

ದೂರು ಕೊಟ್ಟವನು ಬೆಟ್ಟಸ್ವಾಮಿ. ಊರ ಹೊರಗಿನ ಹಳೇ ಕೊಬ್ಬರಿ ಗೋದಾಮನ್ನು ಬಾಡಿಗೆಗೆ ಹಿಡಿದು, ಬೆಂಗಳೂರಿನ ಒಂದು ಕಂಪನಿಯಿಂದ ಕಂಪ್ಯೂಟರ್ ತರಿಸಿ, ಏಳು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಎಲೆಕ್ಟ್ರಾನಿಕ್ ಚಿಪ್ಪಿನ ನಕ್ಷೆ ಬಿಡಿಸುವ ಕೇಂದ್ರ ನಡೆಸುತ್ತಿದ್ದ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಬಾಟಲಿಯ ಹನಿ ಎಣಿಸುವ ಯಂತ್ರಕ್ಕೆ ಹಾಕುವ ಚಿಪ್ಪಂತೆ. ಗಾತ್ರದಲ್ಲಿ ಜೋಳದ ಕಾಳಿನಷ್ಟು. ಅದರ ನಕ್ಷೆಗೆ ಹದಿನಾಲ್ಕು ತಿಂಗಳು.

"ನಮ್ಮೂರಿಗೆ ಚಿಪ್ಪೇನು ಹೊಸದಾ ಸಾ? ಬೀದಿಬೀದೀಲಿ ಬಿದ್ದವೆ," ಎಂದ ಕಾನ್‌ಸ್ಟೇಬಲ್ ಲಕ್ಕಯ್ಯ. ಎಲ್ಲದಕ್ಕೂ ಒಂದು ಮಾತು ಸೇರಿಸದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

ಬೆಟ್ಟಸ್ವಾಮಿ ನಗಲಿಲ್ಲ. ಅವನು ನಾಲ್ಕು ದಿನದಿಂದ ಗಡ್ಡ ಹೆರೆದಿರಲಿಲ್ಲ.

"ಹೋದ ನವೆಂಬರಿನಲ್ಲಿ ಫ್ಲಾಪಿ ಕೊಟ್ಟೆವು. ಕಂಪನಿಯವರು ಚಿಪ್ಪು ಮಾಡಿಸಿದರು. ಒಂದೂ ಕೆಲಸ ಮಾಡುತ್ತಿಲ್ಲ ಸಾರ್, ಒಂದೇ ಒಂದೂ ಇಲ್ಲ. ಹುಡುಕಿದಾಗ ತಪ್ಪು ನಮ್ಮ ಫ್ಲಾಪಿಯಲ್ಲಿ ಸಿಕ್ಕಿತು. ಪೊಲೀಸಿಗೆ ದೂರು ಕೊಟ್ಟು ಬಾ ಅಂತ ಅವರೇ ಹೇಳಿ ಕಳಿಸಿದರು."

"ನಿಮಗೇನು ನಷ್ಟ?"

"ಹದಿನೈದನೇ ತಾರೀಖಿನೊಳಗೆ ಉತ್ತರ ಕೊಡಬೇಕು. ಯಂತ್ರದ ದೋಷ ಅಂತಾದರೆ ಇನ್ನೊಂದು ಅವಕಾಶ ಕೊಡ್ತಾರಂತೆ. ನಮ್ಮವರು ಬೇಕಂತಲೇ ಮಾಡಿದ್ದಾದರೆ ಯಂತ್ರ ಎತ್ತಿಕೊಂಡು ಹೋಗ್ತಾರೆ. ಹೆಣ್ಣುಮಕ್ಕಳು ಅಲ್ಲಿಗೆ ಮನೆಗೆ."

"ನಿಮಗೆ ಯಾರ ಮೇಲೆ ಅನುಮಾನ?"

"ಬಸವರಾಜು. ನಮ್ಮ ಟೆಕ್ನಿಷಿಯನ್. ಬೇರೆ ಕಡೆಯಿಂದ ಅವನಿಗೆ ಕೆಲಸಕ್ಕೆ ಕರೆ ಬಂದಿದೆ."

ಗಂಗಾಧರಯ್ಯನವರು ಭಾರತ ದಂಡ ಸಂಹಿತೆ 408 ಮತ್ತು 427ರ ಅಡಿ, ಅಂದರೆ ನೌಕರನ ನಂಬಿಕೆ ದ್ರೋಹ ಮತ್ತು ನಷ್ಟ ಮಾಡಿದ್ದಕ್ಕೆ, ಎಫ್‌ಐಆರ್ ಹಾಕಿದರು. ಸಹಿ ಮಾಡುವಾಗಲೇ ಅವರ ಮನಸ್ಸಿನಲ್ಲಿ ಒಂದು ಆಸೆ ಮೂಡಿತ್ತು, ಅದನ್ನು ಮುಚ್ಚಿಡುವುದೇಕೆ: ಇದು ಯಂತ್ರದ ತಪ್ಪೇ ಆಗಲಿ, ಶಿವನೇ. ಈ ಊರಿನಲ್ಲಿ ಹೆಣ್ಣುಮಕ್ಕಳು ಮಟ್ಟೆ ಸುಲಿಯುವುದು, ಹುರಿ ಹೊಸೆಯುವುದು ಬಿಟ್ಟು ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ ಅಂತ ಇದ್ದದ್ದು ಅದೊಂದೇ.

ಮಧ್ಯಾಹ್ನ ಹನ್ನೆರಡೂವರೆಗೆ ಸ್ಥಳ ಪರಿಶೀಲನೆ. ಗೋದಾಮಿಗೆ ಸುಣ್ಣ ಹೊಡೆದು, ನೆಲಕ್ಕೆ ಸಿಮೆಂಟು ಹಾಕಿದ್ದರೂ ಗೋಡೆಯಿಂದ ಕೊಬ್ಬರಿ ವಾಸನೆ ಹೋಗಿರಲಿಲ್ಲ. ಏಳು ಮೇಜುಗಳ ಪೈಕಿ ಒಂದು ಖಾಲಿ. ಉಳಿದ ಆರು ಮಂದಿ ಎದ್ದು ನಿಂತು ಸೆರಗು ಸರಿಮಾಡಿಕೊಂಡರು.

ಬಸವರಾಜು ಇಪ್ಪತ್ತೇಳರ ಹುಡುಗ, ಪಾಲಿಟೆಕ್ನಿಕ್ ಓದಿದವನು.

"ಏನಪ್ಪಾ, ತಪ್ಪು ಎಲ್ಲಿ ಆಯಿತು ತೋರಿಸು. ನನಗೆ ತಿಳಿಯುವ ಹಾಗೆ ಹೇಳು."

ಅವನು ಯಂತ್ರ ಚಾಲೂ ಮಾಡಿದ. ಹಸಿರು ಅಕ್ಷರಗಳ ಒಂದು ಪುಟ ಬಂತು. ನಕ್ಷೆ ಯಂತ್ರದ ಹೊಟ್ಟೆಯಲ್ಲಿದ್ದರೆ ಯಾರಿಗೂ ಪ್ರಯೋಜನವಿಲ್ಲ, ಅದನ್ನು ಫೈಲು ಮಾಡಿ ಫ್ಲಾಪಿಗೆ ಬರೆದು ಕಳಿಸಬೇಕು. ಬರೆಯುವ ಮೊದಲು ಯಂತ್ರ ಈ ಪುಟ ತೋರಿಸಿ ಕೇಳುತ್ತದೆ, ಅಳತೆ ಮೈಕ್ರಾನಿನಲ್ಲೋ ಬೇರೆಯದರಲ್ಲೋ, ಎಷ್ಟು ಪಟ್ಟು, ಯಾವ ಯಾವ ಪದರ ಬರೆಯಬೇಕು, ಯಾವ ಪದರಕ್ಕೆ ಯಾವ ನಂಬರು. ಇದಕ್ಕೆ ಸೆಟ್ಟಿಂಗ್ಸ್ ಎನ್ನುತ್ತಾರೆ. ಚಿಪ್ಪೆಂದರೆ ಹನ್ನೊಂದು ಪದರ, ಒಂದರ ಮೇಲೊಂದು ಕೂರಬೇಕು.

"ಈ ಕೊನೇ ಕಾಲಂ ನೋಡಿ ಸಾರ್. ಕನ್ನಡಿ. ಇಲ್ಲಿ ಎನ್ ಇದ್ದರೆ ಪದರ ಇದ್ದ ಹಾಗೇ ಹೋಗುತ್ತೆ. ವೈ ಅಂತ ಒತ್ತಿದರೆ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿ ಹೋಗುತ್ತೆ. ನಾವು ಕಳಿಸಿದ ಫ್ಲಾಪಿಯಲ್ಲಿ ಏಳನೇ ಪದರಕ್ಕೆ ಮಾತ್ರ ವೈ ಇದೆ."

"ಏಳನೇದು ಯಾವುದು?"

"ತೂತುಗಳ ಪದರ. ಮೇಲಿನ ತಂತಿ ಕೆಳಗಿನದಕ್ಕೆ ಮುಟ್ಟುವುದು ಆ ತೂತಿನಲ್ಲೇ. ಹನ್ನೊಂದು ಸಾವಿರ ತೂತು." ಅವನು ಮೇಜಿನ ಮೇಲೆ ಬಲಗೈ ಬೋರಲಿಟ್ಟು, ಅದರ ಮೇಲೆ ಎಡಗೈಯನ್ನೂ ಬೋರಲಿಟ್ಟ. ಒಂದು ಹೆಬ್ಬೆರಳು ಈ ಕಡೆ, ಇನ್ನೊಂದು ಆ ಕಡೆ. "ಹೀಗೆ ಸಾರ್. ಒಂದು ತೂತೂ ಜಾಗಕ್ಕೆ ಬೀಳಲ್ಲ."

"ಬೆಂಗಳೂರಿನವರ ಯಂತ್ರಕ್ಕೆ ಇದು ಗೊತ್ತಾಗಲ್ಲವಾ?"

"ಯಂತ್ರದ ಲೆಕ್ಕಕ್ಕೆ ಇದು ತಪ್ಪೇ ಅಲ್ಲ ಸಾರ್. ಗಾಜಿನ ಅಚ್ಚು ಮಾಡುವಾಗ ಕೆಲವು ಪದರಕ್ಕೆ ಕನ್ನಡಿ ಬೇಕೂ ಆಗುತ್ತೆ. ಆದರೆ ಮನುಷ್ಯನ ಕಣ್ಣಿಗೆ ತಕ್ಷಣ ಬೀಳುತ್ತೆ. ಹನ್ನೊಂದು ಪದರವನ್ನೂ ದೊಡ್ಡ ಹಾಳೆ ಮೇಲೆ ಬಣ್ಣದಲ್ಲಿ ಬಿಡಿಸಿ ನೋಡ್ತಾರೆ. ಚೆಕ್ ಪ್ಲಾಟ್ ಅಂತ. ಐದು ಸಲ ಹಾಗೇ ನೋಡಿ, ತಪ್ಪು ಗುರುತು ಹಾಕಿ ವಾಪಸು ಕಳಿಸಿದ್ದರು. ಆರನೇ ಸಲ ಅವಸರವಂತೆ. ನೋಡಲಿಲ್ಲ."

ಗಂಗಾಧರಯ್ಯನವರು ತಮ್ಮ ಆಸೆಯನ್ನು ಹೊರಗೆ ತೆಗೆದರು. "ಕರೆಂಟಿನ ಏರುಪೇರಿನಿಂದ ಯಂತ್ರ ತಾನೇ ಬದಲಾಯಿಸಿಕೊಂಡಿರಬಹುದೇ?"

ಆರು ಹೆಣ್ಣುಮಕ್ಕಳೂ ಬಸವರಾಜುವಿನ ಮುಖ ನೋಡಿದರು. ಹೌದು ಎಂದರೆ ಅವನೂ ಉಳಿಯುತ್ತಿದ್ದ, ಅವರೂ ಉಳಿಯುತ್ತಿದ್ದರು. ಅವನು ಪರದೆಯ ಕಡೆ ತಿರುಗಿ, "ಕರೆಂಟ್ ಕೈಕೊಟ್ಟರೆ ಇಡೀ ಫೈಲೇ ಹೋಗುತ್ತೆ ಸಾರ್. ಒಂದೇ ಅಕ್ಷರ ಹೋಗಲ್ಲ," ಎಂದ. ಸುಳ್ಳು ಹೇಳಲು ಬಾರದ ಹುಡುಗ, ಪಾಪ.

ದಾಖಲೆ ನೋಡಿದರು. ಪ್ರತಿ ಸಲ ಫ್ಲಾಪಿ ಬರೆದ ಮೇಲೆ ಸೆಟ್ಟಿಂಗ್ಸ್ ಪುಟವನ್ನು ಅಚ್ಚು ಹಾಕಿ ಇಬ್ಬರು ಸಹಿ ಮಾಡಬೇಕೆಂಬುದು ಅಲ್ಲಿನ ಕ್ರಮ. ದಿನಾಂಕ 14-11-88, ಸಮಯ 15:30ರ ಹಾಳೆಯಲ್ಲಿ ಏಳನೇ ಪದರಕ್ಕೆ ಎನ್ ಎಂದೇ ಇತ್ತು. ಬೆಟ್ಟಸ್ವಾಮಿ, ಬಸವರಾಜು ಇಬ್ಬರ ಸಹಿಯೂ ಇತ್ತು. ಕಂಪನಿ ವಾಪಸು ಕಳಿಸಿದ ಫ್ಲಾಪಿಯನ್ನು ಯಂತ್ರಕ್ಕೆ ಹಾಕಿದಾಗ ಅದರೊಳಗಿನ ಫೈಲಿನ ಸಮಯ 17:42. ಸಹಿಯಾದ ಮೇಲೆ ಯಾರೋ ಅದೇ ಫ್ಲಾಪಿಗೆ ಮತ್ತೆ ಬರೆದಿದ್ದರು.

"ಈ ಗಡಿಯಾರ ನಂಬಬಹುದಾ?"

"ದಿನಾ ಬೆಳಿಗ್ಗೆ ನಾನೇ ಕೈಗಡಿಯಾರ ನೋಡಿ ಹಾಕ್ತೀನಿ ಸಾರ್."

"ಆ ಹೊತ್ತಿನಲ್ಲಿ ನೀನೆಲ್ಲಿದ್ದೆ?"

ಮೂರು ತಿಂಗಳ ಹಿಂದಿನ ಸಂಜೆ ಯಾರಿಗೆ ನೆನಪಿರುತ್ತದೆ? ಬಸವರಾಜು ತಡವರಿಸಿದ. ಬೆಟ್ಟಸ್ವಾಮಿಯ ಕಣ್ಣು ಕೆಂಪಾಯಿತು. ಲಕ್ಕಯ್ಯನಂತೂ ಕೈಕೋಳ ಇರುವ ಚೀಲವನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡ. ಗಂಗಾಧರಯ್ಯನವರಿಗೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಅಭ್ಯಾಸ ಇರಲಿಲ್ಲ. ಹಾಜರಿ ಪುಸ್ತಕ ತರಿಸಿದರು. ಅಂದು ಐದು ಗಂಟೆಗೆ ಬೆಟ್ಟಸ್ವಾಮಿ ಮತ್ತು ಬಸವರಾಜು ಒಟ್ಟಿಗೆ ಹೊರಗೆ ಹೋಗಿದ್ದರು. ಕಾರಣದ ಕಾಲಂನಲ್ಲಿ 'ಕೆಇಬಿ' ಎಂದಿತ್ತು.

"ಅಯ್ಯೋ, ಹೌದು," ಎಂದ ಬೆಟ್ಟಸ್ವಾಮಿ ಮೆಲ್ಲಗೆ. "ವೋಲ್ಟೇಜ್ ಸಾಲದು ಅಂತ ದೂರು ಕೊಡೋಕೆ ಹೋಗಿದ್ದೆವು."

ಮರುದಿನ, 7ನೇ ತಾರೀಖು, ಲಕ್ಕಯ್ಯ ಸೈಕಲ್ಲಿನಲ್ಲಿ ಹೋಗಿ ವಿದ್ಯುತ್ ಕಚೇರಿಯ ದೂರು ಪುಸ್ತಕ ನೋಡಿ ಬಂದ. 14-11-88, ಸಂಜೆ 5-35, ಇಬ್ಬರ ಸಹಿ. ಅಲ್ಲಿಂದ ಏಳು ನಿಮಿಷದಲ್ಲಿ ಗೋದಾಮಿಗೆ ಬಂದು ಫ್ಲಾಪಿ ಬರೆಯುವುದು ಆಗದ ಮಾತು. ಆ ದೂರಿಗೆ ಇನ್ನೂ ಯಾರೂ ಉತ್ತರ ಬರೆದಿರಲಿಲ್ಲ ಎಂಬುದನ್ನೂ ಲಕ್ಕಯ್ಯ ಸೇರಿಸಿಯೇ ಹೇಳಿದ.

ಇನ್ನುಳಿದದ್ದು ಹಾಜರಿ ಪುಸ್ತಕದ ಕೊನೆಯ ಸಾಲು. ಐದೂವರೆಗೆ ಉಳಿದವರೆಲ್ಲ ಹೋಗಿದ್ದರು. ಆರೂ ಐದಕ್ಕೆ ಹೋದವಳು ಒಬ್ಬಳೇ, ವಿಮಲಮ್ಮ. ಖಾಲಿ ಮೇಜಿನ ಒಡತಿ.

ಕಸ ಗುಡಿಸಿ ಕಾಫಿ ಕಾಸುವ ಕೆಂಪಕ್ಕನನ್ನು ಕರೆಸಿದರು. ಅರವತ್ತು ದಾಟಿದವಳು. ಬಾಗಿಲಿಗೆ ಒರಗಿ ನಿಂತಳು.

"ವಿಮಲಮ್ಮ ಅವತ್ತು ಸಂಜೆ ಏನು ಮಾಡ್ತಿದ್ದರು?"

"ನಂಗೇನ್ ಗೊತ್ತು ಸಾಮಿ. ಮಿಸೀನ್ ಮುಂದೆ ಕುಂತಿತ್ತು."

"ಏನಾದರೂ ಹೇಳಿದರಾ?"

"ಏನೂ ಇಲ್ಲ."

"ಕೆಂಪಕ್ಕ, ನಾಳೆ ಕೋರ್ಟಿನಲ್ಲಿ ದೇವರ ಮೇಲೆ ಆಣೆ ಇಡಬೇಕಾಗುತ್ತೆ."

ಮುದುಕಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಕಾಪಿ ಕೊಟ್ಟೆ. ಕುಡೀಲಿಲ್ಲ, ಆರೋಯ್ತು. 'ಕೆಂಪಕ್ಕ, ಮೂರು ತಿಂಗ್ಳು ಸಿಕ್ರೆ ಸಾಕು ಕಣೇ' ಅಂದ್ಲು. ಯಾತಕ್ಕೆ ಅಂತ ನಾ ಕೇಳ್ಲಿಲ್ಲ. ಕೇಳ್ಬೇಕಾಗಿತ್ತು."

ವಿಮಲಮ್ಮ ಬಿಳಿಗೆರೆ ಊರಿನ ಸೊಸೆ, ಮೂವತ್ತೈದು ವರ್ಷ, ಗಂಡ ತೀರಿ ಒಂಬತ್ತು ವರ್ಷ. ಮಗಳು ಗಿರಿಜಾಂಬಿಕಾಳನ್ನು ಓದಿಸಲು ತಿಪಟೂರಿನಲ್ಲಿ ಒಂದು ಕೋಣೆ ಮಾಡಿಕೊಂಡಿದ್ದಳು. ಹೊಸ ಯಂತ್ರ, ಹೊಸ ಆರ್ಡರು ಬರುವುದರಲ್ಲಿತ್ತು. ಅದಕ್ಕೆ ಡಿಪ್ಲೊಮಾ ಆದವರೇ ಬೇಕೆಂದು ಕಂಪನಿ ಹೇಳಿದ್ದರಿಂದ, ಪಿಯುಸಿ ಫೇಲಾಗಿದ್ದ ಅವಳಿಗೆ ಬೆಟ್ಟಸ್ವಾಮಿ ನವೆಂಬರ್ ಹತ್ತರಂದೇ ತಿಳಿಸಿದ್ದ: ಈ ಫ್ಲಾಪಿ ಹೋದರೆ ನಿಮ್ಮ ಕೆಲಸ ಮುಗಿಯಿತು, ತಿಂಗಳ ಕೊನೆಗೆ ಲೆಕ್ಕ ಚುಕ್ತಾ. ಮೂವತ್ತರಂದು ಅವಳು ಹೋದಳು.

"ಏಳನೇ ಪದರ ಬಿಡಿಸಿದವರು ಯಾರು?" ಗಂಗಾಧರಯ್ಯನವರು ಕೇಳಿದರು.

"ಅವರೇ ಸಾರ್," ಎಂದ ಬಸವರಾಜು. "ಹನ್ನೊಂದು ಸಾವಿರ ತೂತೂ ಅವರದೇ ಕೈ. ಅದರಲ್ಲಿ ತಪ್ಪು ಬಂದರೆ ಅವರನ್ನೇ ಕರೆಯಬೇಕಿತ್ತು. ಬೇರೆಯವರಿಗೆ ತಲೆಬುಡ ಗೊತ್ತಾಗಲ್ಲ."

ಹೇಳಿ ಮುಗಿಸಿದ ಮೇಲೆ ತಾನೇನು ಹೇಳಿದೆ ಎಂಬುದು ಅವನಿಗೇ ಹೊಳೆಯಿತು.

ಫೆಬ್ರವರಿ 8, ಬೆಳಿಗ್ಗೆ ಹನ್ನೊಂದಕ್ಕೆ ಇಬ್ಬರು ಪಂಚರ ಸಮಕ್ಷಮ ವಿಮಲಮ್ಮನ ಮೇಜಿನ ಖಾನೆಯನ್ನು ತೆಗೆಸಿ ಪಂಚನಾಮೆ ಬರೆದರು. ಸಿಕ್ಕಿದ್ದು: ಒಂದು ಸ್ಕೇಲು, ಎರಡು ಪೆನ್ಸಿಲ್ ತುಂಡು, ವಿಭೂತಿ ಪೊಟ್ಟಣ ಒಂದು, ಹತ್ತನೇ ತರಗತಿಯ ಗಣಿತದ ಹಳೇ ಪ್ರಶ್ನೆಪತ್ರಿಕೆ ನಾಲ್ಕು, ಮತ್ತು ಹಾಳೆಯಲ್ಲಿ ಸುತ್ತಿಟ್ಟ ಒಂದು ಫ್ಲಾಪಿ. ಅದರ ಮೇಲೆ ದುಂಡಗಿನ ಕೈಬರಹದಲ್ಲಿ 'ಏಳು – ಸರಿ ಇದೆ' ಎಂದು ಬರೆದಿತ್ತು.

ಬಸವರಾಜು ಅದನ್ನು ಯಂತ್ರಕ್ಕೆ ಹಾಕಿದ. ದಿನಾಂಕ 14-11-88, ಸಮಯ 17:51. ಹನ್ನೊಂದು ಪದರ, ಕನ್ನಡಿ ಕಾಲಂ ಉದ್ದಕ್ಕೂ ಎನ್. ಎಲ್ಲವೂ ಸರಿ.

ಗಂಗಾಧರಯ್ಯನವರು ಆ ಎರಡು ಸಮಯಗಳನ್ನು ಒಂದರ ಕೆಳಗೊಂದು ಬರೆದುಕೊಂಡು ನೋಡುತ್ತಾ ಕೂತರು. ಕೆಡಿಸಿದ ಒಂಬತ್ತೇ ನಿಮಿಷಕ್ಕೆ ಸರಿಯಾದ ಪ್ರತಿ ಮಾಡಿ ಜೋಪಾನವಾಗಿ ಸುತ್ತಿಟ್ಟಿದ್ದಾಳೆ. ಮನೆ ಸುಡಬೇಕೆನ್ನುವವಳು ಕೊಡದಲ್ಲಿ ನೀರು ತುಂಬಿಟ್ಟುಕೊಳ್ಳುತ್ತಾಳೆಯೇ?

ಅವಳು ಆಮೇಲೆ ಯಾರಿಗಾದರೂ ತಿಳಿಸಲು ನೋಡಿದ್ದಳೇ ಎಂದು ಕೇಂದ್ರದ ಫೋನಿನ ಟ್ರಂಕ್ ಕಾಲ್ ಬಿಲ್ಲು ತರಿಸಿದರು. ನವೆಂಬರ್ 26ರಂದು ಮಧ್ಯಾಹ್ನ ಬೆಂಗಳೂರಿನ ಕಂಪನಿಗೆ ಮೂರು ನಿಮಿಷದ ಕರೆ ಹೋಗಿತ್ತು. ಅವತ್ತು ತಾನು ಊರಿನಲ್ಲೇ ಇರಲಿಲ್ಲವೆಂದ ಬೆಟ್ಟಸ್ವಾಮಿ. ಗಂಗಾಧರಯ್ಯನವರು ಅದೇ ನಂಬರಿಗೆ ಕರೆ ಬುಕ್ ಮಾಡಿ ಒಂದೂಕಾಲು ಗಂಟೆ ಕಾದರು. ಆ ಕಡೆಯ ಎಂಜಿನಿಯರಿಗೆ ನೆನಪಿತ್ತು.

"ಹೌದು, ಒಬ್ಬ ಹೆಂಗಸು ಮಾತಾಡಿದರು. ಒಂದು ಸಲ ಪ್ಲಾಟ್ ತೆಗೆದು ನೋಡಿ ಅಂದರು."

"ನೀವೇನಂದಿರಿ?"

"ಗಾಜಿನ ಅಚ್ಚು ಆಗಿಹೋಗಿದೆ, ಚಿಪ್ಪಿಗೂ ಕಳಿಸಿಯಾಯಿತು ಅಂದೆ. ಅವರು ಏನೂ ಹೇಳಲಿಲ್ಲ. ಲೈನ್ ಹೋಯಿತು ಅಂದುಕೊಂಡೆ."

ಲೈನ್ ಹೋಗಿರಲಿಲ್ಲ. ಮೂರು ನಿಮಿಷಕ್ಕೂ ಬಿಲ್ಲು ಬಿದ್ದಿತ್ತು.

ಇಷ್ಟು ಕಾಗದವನ್ನು ಎದುರಿಗಿಟ್ಟುಕೊಂಡು ಗಂಗಾಧರಯ್ಯನವರು ಒಂದು ದಿನ ಸುಮ್ಮನೆ ಕಳೆದರು. ಕಡತ ಮುಚ್ಚಿ 'ಯಂತ್ರದ ದೋಷವಿರಬಹುದು' ಎಂದು ಒಂದು ಸಾಲು ಬರೆದರೆ ಆರು ಮನೆ ಉಳಿಯುತ್ತವೆ. ಆದರೆ ಪಂಚನಾಮೆಗೆ ಇಬ್ಬರು ಪಂಚರ ಸಹಿ ಬಿದ್ದಾಗಿತ್ತು, ಬೆಂಗಳೂರಿನ ಎಂಜಿನಿಯರು ಬಾಯಿ ಬಿಟ್ಟಾಗಿತ್ತು. ಸತ್ಯಕ್ಕೂ ಒಂದು ಹೊತ್ತುಗೊತ್ತು ಬೇಡವೇ? ಹುಡುಕಬೇಡವೆಂದು ಮನಸ್ಸು ಅಂದುಕೊಂಡಾಗಲೇ ಅದು ತಾನಾಗಿ ಬಂದು ಕಾಲಿಗೆ ತೊಡರಿಕೊಳ್ಳುತ್ತದೆ.

ತುಮಕೂರಿನಿಂದ ಮಹಿಳಾ ಕಾನ್‌ಸ್ಟೇಬಲ್ ಬಂದ ಮೇಲೆ, ಫೆಬ್ರವರಿ 10, ಶುಕ್ರವಾರ, ಬೆಳಿಗ್ಗೆ ಒಂಬತ್ತೂ ನಲವತ್ತಕ್ಕೆ ಜೀಪು ಬಿಳಿಗೆರೆ ತಲುಪಿತು. ತೆಂಗಿನ ತೋಟದ ಅಂಚಿನ ಮನೆ. ಅಂಗಳದಲ್ಲಿ ಚಪ್ಪರವಿತ್ತು. ಗರಿ ಇನ್ನೂ ಹಸಿರಾಗಿತ್ತು, ಬಾಗಿಲಿಗೆ ಕಟ್ಟಿದ್ದ ಮಾವಿನ ಸೊಪ್ಪು ಮಾತ್ರ ಮುರುಟಿತ್ತು.

"ಐದು ದಿನದ ಚಪ್ಪರ ಸಾ," ಎಂದ ಲಕ್ಕಯ್ಯ. ಅವತ್ತು ಅದಕ್ಕೆ ಏನೂ ಸೇರಿಸಲಿಲ್ಲ.

ವಿಮಲಮ್ಮನ ಭಾವ ಶಂಭುಲಿಂಗಯ್ಯ ಹೊರಗೆ ಬಂದು ಕೈ ಮುಗಿದ. ತಮ್ಮನ ಮಗಳ ಮದುವೆ, ಭಾನುವಾರ ಆಯಿತು, ಹುಡುಗ ಹಂದನಕೆರೆಯವನು, ತನ್ನ ಹೆಂಡತಿಯ ತಮ್ಮನೇ ಎಂದ.

"ಹುಡುಗಿಗೆ ವಯಸ್ಸೆಷ್ಟು?"

"ಹದಿನೆಂಟು ತುಂಬೈತೆ ಸಾಮಿ."

"ಹತ್ತನೇ ತರಗತಿಯಲ್ಲಿ ಓದುತ್ತಿದ್ದಳಲ್ಲ?"

"ಓದಿ ಏನಾಗ್ಬೇಕು ಬುಡಿ. ಅವ್ರಮ್ಮಂಗೆ ಕೆಲ್ಸ ಇರೋಗಂಟ ಓದ್ಲಿ ಅಂದಿದ್ದೆ. ನಾ ಕೊಟ್ಟ ಮಾತಿಗೆ ತಪ್ಪಿಲ್ಲ. ಕೆಲ್ಸ ಹೋಯ್ತು, ಕರ್ಕಂಬಂದೆ."

ವಿಮಲಮ್ಮ ಹಿತ್ತಲಿನಿಂದ ಬಂದಳು. ಕೈಯಲ್ಲಿ ಇನ್ನೂ ಬೂದಿ ಇತ್ತು, ಮದುವೆಯ ಹಂಡೆ ತಿಕ್ಕುತ್ತಿದ್ದಳು. ಸಮವಸ್ತ್ರ ನೋಡಿ ಬೆಚ್ಚಲಿಲ್ಲ. ಕೈ ತೊಳೆದುಕೊಂಡು ಬಂದು ಜಗಲಿಯ ತುದಿಯಲ್ಲಿ ನಿಂತಳು.

"ಕನ್ನಡಿ ಕಾಲಂ ಬದಲಾಯಿಸಿದ್ದು ನೀವಾ?"

"ಹೌದು ಸಾರ್."

"ಯಾರಾದರೂ ಹೇಳಿ ಮಾಡಿಸಿದರಾ?"

"ಇಲ್ಲ."

"ಅಷ್ಟು ಜನರ ಕೆಲಸ ಹೋಗುತ್ತೆ ಅಂತ ಗೊತ್ತಿರಲಿಲ್ವಾ ತಾಯಿ?"

ಅಲ್ಲಿಯವರೆಗೆ ತಗ್ಗಿದ್ದ ತಲೆ ಎತ್ತಿದಳು. "ನಮ್ಮಪ್ಪ ತಿಪಟೂರು ಮಂಡೀಲಿ ಇಪ್ಪತ್ತೈದು ವರ್ಷ ದಲ್ಲಾಳಿ ಆಗಿದ್ದರು ಸಾರ್. ನಾನು ಅಲ್ಲೇ ಆಡಿ ಬೆಳೆದೋಳು. ಚೀಲ ಬಿಚ್ಚಿ, ನಾಲ್ಕು ಕೊಬ್ಬರಿ ಗಿಟುಕು ಕುಯ್ದು ನೋಡದೆ ಯಾವ ಸಾಹುಕಾರನಾದ್ರೂ ಚೀಲ ಎತ್ತಿದ್ದುಂಟಾ? ಅಣ್ಣನ ಮಾಲು ತಮ್ಮ ಕೊಂಡರೂ ಕುಯ್ದೇ ನೋಡಬೇಕು. ಬೆಂಗಳೂರಿನೋರು ಐದು ಸಲವೂ ಬಿಡಿಸಿ ನೋಡಿದ್ರು. ಆರನೇ ಸಲವೂ ನೋಡ್ತಾರೆ ಅಂದ್ಕೊಂಡೆ. ನೋಡಿದ ತಕ್ಷಣ ಕಾಣಲಿ ಅಂತಲೇ ಅಷ್ಟು ದೊಡ್ಡ ತಪ್ಪು ಮಾಡಿದೆ. ಸಣ್ಣದು ಮಾಡಿದ್ರೆ ಕಣ್ಣು ತಪ್ಪಿ ಹೋಗಬಹುದು ಅಂತ ಭಯ ಇತ್ತು."

"ಆಮೇಲೆ?"

"ಆಮೇಲೇನು, ವಾಪಸು ಬರ್ತಿತ್ತು. ಒಂದೊಂದು ಸಲ ವಾಪಸು ಬಂದರೂ ಎರಡು ಮೂರು ತಿಂಗಳು ಕೆಲಸ. ನನ್ನ ಪದರ, ನನ್ನನ್ನೇ ಇಟ್ಕೊಳ್ಳಬೇಕಾಗ್ತಿತ್ತು. ಹೋಳಿ ಹುಣ್ಣಿಮೆಗಂಟ ತಳ್ಳಿದ್ರೆ, ಅಲ್ಲಿಂದ ಗಿರಿಜೆ ಪರೀಕ್ಷೆಗೆ ಎಷ್ಟು ದಿನ? ಆಮೇಲೆ ಸರಿಯಾದ ಫ್ಲಾಪಿ ಕೊಟ್ಟು ಬಿಡೋಣ ಅಂತ ಅವತ್ತೇ ಬರೆದಿಟ್ಟೆ." ಅವಳು ಚಪ್ಪರದ ಕಡೆ ನೋಡಿದಳು. "ಅವರು ನೋಡಲೇ ಇಲ್ಲವಲ್ಲ ಸಾರ್. ಅಷ್ಟು ಓದಿದೋರು, ನೋಡದೇ ತಗೊಂಡ್ರಲ್ಲ."

"ಫೋನಿನಲ್ಲಿ ನಿಜ ಹೇಳಬಹುದಿತ್ತು."

"ಆಗಲೇ ಆಗಿಹೋಯ್ತು ಅಂದರು. ಬಾಯಿಗೆ ಮಾತೇ ಬರಲಿಲ್ಲ."

ಗಂಗಾಧರಯ್ಯನವರಿಗೆ ಕೇಳುವುದು ಇನ್ನೇನೂ ಉಳಿದಿರಲಿಲ್ಲ. ಹೇಳಿಕೆ ಬರೆದುಕೊಂಡರು. ಹತ್ತೂ ಐವತ್ತಕ್ಕೆ ದಸ್ತಗಿರಿ ಎಂದು ನಮೂದಿಸಿದರು. ಜೀಪು ಹತ್ತುವ ಮೊದಲು ಅವಳು ಕೇಳಿದ್ದು ಒಂದೇ: "ಗಿರಿಜೆಗೆ ಪರೀಕ್ಷೆ ಫೀಸು ಕಟ್ಟಿದೀನಿ ಸಾರ್. ಹಾಲ್ ಟಿಕೆಟ್ ಇಸ್ಕೂಲಿಗೇ ಬರುತ್ತೆ. ಯಾರಾದರೂ ತಲುಪಿಸ್ತಾರಾ?"

"ತಲುಪಿಸ್ತೀನಿ," ಎಂದರು ಗಂಗಾಧರಯ್ಯನವರು. ಅಂದದ್ದನ್ನು ಮಾಡಿಯೂ ಮಾಡಿದರು. ಮಾರ್ಚಿನಲ್ಲಿ ಲಕ್ಕಯ್ಯ ಬಸ್ಸಿನಲ್ಲಿ ಹಂದನಕೆರೆಗೆ ಹೋಗಿ, ಆ ಮನೆಯ ಗಂಡಸಿನ ಕೈಗೆ ಹಾಲ್ ಟಿಕೆಟ್ ಕೊಟ್ಟು ಬಂದ. ಶಾಲೆಯ ದಾಖಲೆಯ ಪ್ರಕಾರ ಹುಡುಗಿಗೆ ಹದಿನಾರು ಎಂದು ತಹಸೀಲ್ದಾರರಿಗೆ ಬರೆದ ವರದಿಗೆ, 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂತು.

ಕಂಪನಿಯವರು ಹದಿನೈದರವರೆಗೂ ಕಾಯಲಿಲ್ಲ. ಹದಿಮೂರರಂದೇ ಲಾರಿ ಕಳಿಸಿ ಯಂತ್ರ ಹೇರಿಕೊಂಡು ಹೋದರು. ಬಸವರಾಜು ಬೇರೆ ಊರಿಗೆ ಹೋದ. ಆರು ಹೆಣ್ಣುಮಕ್ಕಳಲ್ಲಿ ಇಬ್ಬರು ನಾರಿನ ಕಾರ್ಖಾನೆಗೆ ಸೇರಿದರೆಂದು ಸುದ್ದಿ, ಉಳಿದವರು ಮನೆಯಲ್ಲಿ. ಬೆಟ್ಟಸ್ವಾಮಿ ಗೋದಾಮನ್ನು ಕೊಬ್ಬರಿ ವ್ಯಾಪಾರಿಗೇ ವಾಪಸು ಬಿಟ್ಟುಕೊಟ್ಟ. ಎರಡೂ ಫ್ಲಾಪಿಗಳು, ತಪ್ಪಿನದು ಮತ್ತು ಸರಿಯಾದದ್ದು, ಒಂದೇ ದಾರದಲ್ಲಿ ಕಟ್ಟಿ ಅರಗಿನ ಮುದ್ರೆ ಹಾಕಿಸಿಕೊಂಡು ಠಾಣೆಯ ಮಾಲುಕೋಣೆ ಸೇರಿದವು. ಆ ಸರಿಯಾದ ಫ್ಲಾಪಿಯನ್ನು ಕಂಪನಿಗೆ ಕೊಟ್ಟರೇನಾದರೂ ಉಪಯೋಗವಿದೆಯೇ ಎಂದು ಗಂಗಾಧರಯ್ಯನವರು ಪತ್ರ ಬರೆದು ಕೇಳಿದ್ದರು. ಆ ಕೆಲಸವನ್ನೇ ಕೈಬಿಟ್ಟಿದ್ದೇವೆ ಎಂದು ಅವರು ತಿಳಿಸಿದರು.

ಏಪ್ರಿಲ್ 3, ಸೋಮವಾರ, ಎಸ್‌ಎಸ್‌ಎಲ್‌ಸಿ ಪರೀಕ್ಷೆ ಶುರುವಾಯಿತು. ಗಂಗಾಧರಯ್ಯನವರಿಗೆ ತಿಪಟೂರಿನ ಒಂದು ಕೇಂದ್ರದಲ್ಲಿ ಬಂದೋಬಸ್ತು. ಗೇಟಿನ ಹತ್ತಿರ ನಿಲ್ಲಬೇಕಾದವರು ಗಂಟೆ ಹೊಡೆಯುವ ಮೊದಲು ಒಂದು ಸುತ್ತು ಒಳಗೆ ಹೋದರು. ಲಕ್ಕಯ್ಯ ಕೊಟ್ಟುಬಂದ ಹಾಲ್ ಟಿಕೆಟ್ಟಿನ ನಂಬರನ್ನು ಅವರು ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದರು. ಮೂರನೇ ಕೋಣೆ, ಕಿಟಕಿ ಪಕ್ಕದ ಬೆಂಚು. ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ನಂಬರು ಬರೆದಿತ್ತು.

ಗಂಟೆ ಹೊಡೆಯಿತು. ಪ್ರಶ್ನೆಪತ್ರಿಕೆ ಹಂಚಿದರು. ಮೇಲ್ವಿಚಾರಕರು ಆ ಖಾಲಿ ಬೆಂಚಿನ ಮೇಲೂ ಒಂದನ್ನು ಇಟ್ಟು, ಅರ್ಧ ಗಂಟೆ ಕಾದು, ವಾಪಸು ತೆಗೆದುಕೊಂಡರು. ಗಂಗಾಧರಯ್ಯನವರು ಗೇಟಿಗೆ ಬಂದು ಡೈರಿಯಲ್ಲಿ ಬಂದೋಬಸ್ತಿನ ವಿವರ ಬರೆದರು: ಬೆಳಿಗ್ಗೆ 10-30, ಎಲ್ಲವೂ ಶಾಂತಿಯುತ.